ಮಧ್ಯದ ಕ್ಯಾಸೆಟ್ಟು

“ಮಧ್ಯದ್ದು ಯಾರೋ ತಗೊಂಡು ಹೋದೋರು ಇನ್ನೂ ತಂದುಕೊಟ್ಟಿಲ್ಲ. ಮೂರನೇದು ಇದೆ, ತಗೊಂಡು ಹೋಗಿ. ಕಥೆಗೇನೂ ಮೋಸ ಇಲ್ಲ.”

1989ರ ಬೇಸಿಗೆ ರಜೆ, ಶಿವಮೊಗ್ಗದ ಒಂದು ಕ್ಯಾಸೆಟ್ ಅಂಗಡಿ. ನನಗೆ ಹನ್ನೆರಡು ವರ್ಷ. ದೊಡ್ಡಪ್ಪನ ಮನೆಗೆ ಒಂದು ರಾತ್ರಿಯ ಮಟ್ಟಿಗೆ ವಿಸಿಪಿ ಬಾಡಿಗೆಗೆ ತರುವುದೆಂದು ತೀರ್ಮಾನವಾಗಿತ್ತು. ಜೊತೆಗೆ ಮೂರು ಕ್ಯಾಸೆಟ್ಟು: ಒಂದು ಹಿರಿಯರಿಗೆ, ಎರಡು ಹುಡುಗರಿಗೆ. ಹಿರಿಯರು ರಾಜ್‌ಕುಮಾರ್ ಅವರ ‘ಬಭ್ರುವಾಹನ’ ಕೇಳಿದರು. ಪಿಯುಸಿ ಓದುತ್ತಿದ್ದ ದೊಡ್ಡಪ್ಪನ ಮಗ, ನಮ್ಮೆಲ್ಲರ ಅಣ್ಣ, ‘ಸ್ಟಾರ್ ವಾರ್ಸ್’ ಎಂದ. ಅದರಲ್ಲಿ ಮೂರು ಭಾಗ ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಅಂಗಡಿಯವರು ಮೊದಲನೆಯದನ್ನೂ ಮೂರನೆಯದನ್ನೂ ಒಂದೇ ಕವರಿಗೆ ಹಾಕಿಕೊಟ್ಟರು.

‘ಬಭ್ರುವಾಹನ’ ಮುಗಿದು ಹಿರಿಯರು ಮಲಗಿದ ಮೇಲೆ ನಮ್ಮ ಸರದಿ ಬಂತು. ಹಳದಿ ಅಕ್ಷರಗಳು ಕೆಳಗಿನಿಂದ ಹುಟ್ಟಿ, ಓರೆಯಾಗಿ ಹಿಂದಕ್ಕೆ ಸರಿಯುತ್ತ ಆಕಾಶದಲ್ಲಿ ಕರಗಿದವು. ಅಣ್ಣ ಎರಡು ಸಾಲು ಓದಿ ಅರ್ಥ ಹೇಳುವಷ್ಟರಲ್ಲಿ ಉಳಿದದ್ದು ಹೊರಟುಹೋಗಿತ್ತು. ನಡುರಾತ್ರಿ ಪರದೆಯ ಮೇಲೆ ಗೆರೆ ಬಿದ್ದಾಗ ಹೊಸ ಐದು ರೂಪಾಯಿ ನೋಟಿನಿಂದ ಹೆಡ್ ಒರೆಸಿದೆವು. ಕನ್ನಡ ಮಾಧ್ಯಮದ ನನಗೆ ಇಂಗ್ಲಿಷ್ ಮಾತು ಕಾಲುಭಾಗವೂ ತಿಳಿಯುತ್ತಿರಲಿಲ್ಲ. ಆದರೆ ಆರ್ಟೂ-ಡೀಟೂ ಎಂಬ ಡಬ್ಬಿಯಂಥ ಯಂತ್ರ ಕೀಂ ಕೂಂ ಎಂದು ಮಾತಾಡಿದಾಗ, ಇಂಗ್ಲಿಷ್ ಬಲ್ಲ ಅಣ್ಣನಿಗೆ ಎಷ್ಟು ಅರ್ಥವಾಯಿತೋ ನನಗೂ ಅಷ್ಟೇ ಆಯಿತು. ಆ ಸಿನಿಮಾ ನನ್ನನ್ನು ಹೊರಗೆ ನಿಲ್ಲಿಸಲಿಲ್ಲ.

ಮೂರನೆಯದು ಶುರುವಾದಾಗ ಮಾತ್ರ ತಲೆ ಕೆಟ್ಟಿತು. ಹಾನ್ ಸೋಲೊ ಎಂಬ ವಾಚಾಳಿ ಕಲ್ಲಾಗಿಹೋಗಿದ್ದಾನೆ, ಯಾವುದೋ ದಢೂತಿ ಖಳನ ಮನೆಯ ಗೋಡೆಗೆ ಅವನನ್ನು ನೇತುಹಾಕಿದ್ದಾರೆ. “ಶಾಪ ಕಣೋ, ಅಹಲ್ಯೆ ಥರ” ಎಂದ ಅಣ್ಣ. ಲ್ಯೂಕ್ ಮೊದಲ ಭಾಗದ ಹುಡುಗನೇ, ಆದರೆ ಈಗ ನಗುವುದೇ ಇಲ್ಲ. ಒಂದು ಕೈ ಮಾತ್ರ ಯಂತ್ರದ್ದು. ಕಿವಿ ದೊಡ್ಡದಾದ ಹಸಿರು ಮುದುಕನೊಬ್ಬ ಬಂದ, ನಾಲ್ಕು ಮಾತಾಡಿದ, ಸತ್ತ; ಲ್ಯೂಕ್ ನೊಂದುಕೊಂಡ. ಇವನು ಯಾರು? ಅಷ್ಟರಲ್ಲಿ ‘ಫಾದರ್’ ಎಂಬ ಒಂದೇ ಪದ ನನ್ನ ಕಿವಿಗೆ ಬಿತ್ತು. ಆ ಕಪ್ಪು ಮುಖವಾಡದ ಡಾರ್ತ್ ವೇಡರ್ ಲ್ಯೂಕನ ಅಪ್ಪ! ಯಾವಾಗ ಗೊತ್ತಾಯಿತು? ಯಾರು ಹೇಳಿದರು? ಹೇಳಿದಾಗ ಇವನೇನು ಮಾಡಿದ?

ಆ ಮಧ್ಯದ ಸಿನಿಮಾ ಸಿಗಲು ಎರಡು ವರ್ಷ ಹಿಡಿಯಿತು. ಅಷ್ಟರೊಳಗೆ ಅದನ್ನು ನಾನೇ ಮಾಡಿಬಿಟ್ಟಿದ್ದೆ. ನನ್ನ ಎರಡನೇ ಭಾಗದಲ್ಲಿ ಸತ್ಯ ಹೇಳುವವಳು ಲ್ಯೂಕನ ತಾಯಿ. ‘ಬಭ್ರುವಾಹನ’ದ ಪ್ರಭಾವ, ಬೇರೇನಲ್ಲ. ಅಪ್ಪ-ಮಗ ಕತ್ತಿ ಹಿರಿಯುವ ಮೊದಲು ಬಹಳ ಹೊತ್ತು ಮಾತಿನಲ್ಲೇ ಇರಿದಾಡುತ್ತಿದ್ದರು. ಹಾನ್ ಸೋಲೊ ಯಾರದೋ ತಪಸ್ಸು ಕೆಡಿಸಿ ಕಲ್ಲಾಗುತ್ತಿದ್ದ.

ಇದನ್ನೆಲ್ಲ ಈಗ ಹೇಳಲು ಕಾರಣ ನನ್ನ ಮಗಳು. ಹದಿನೇಳರ ಹುಡುಗಿ, ಈ ಸರಣಿಯ ಸಿನಿಮಾಗಳನ್ನು ತನಗಿಷ್ಟವಾದ ಕ್ರಮದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಅದನ್ನು ಓದಿದ ದಿನ ನನಗೆ ಮಧ್ಯಾಹ್ನದ ಊಟ ರುಚಿಸಲಿಲ್ಲ. ನನ್ನದೂ ಒಂದು ಪಟ್ಟಿ ಪಕ್ಕದಲ್ಲಿ ಇರಲಿ ಎಂದು ಕೂತೆ. ಒಂಬತ್ತು ಕಂತಿನ ಮುಖ್ಯ ಕಥೆ, ಜೊತೆಗೆ ಎರಡು ಬಿಡಿ ಚಿತ್ರ. 1977ರಿಂದ 2019ರವರೆಗೆ ತೆರೆಕಂಡ ಈ ಹನ್ನೊಂದೇ ನನ್ನ ಲೆಕ್ಕ. ಟಿವಿ ಸರಣಿ, ಕಾರ್ಟೂನುಗಳನ್ನು ಸೇರಿಸಿಕೊಂಡರೆ ಈ ಜನ್ಮಕ್ಕೆ ಮುಗಿಯುವುದಿಲ್ಲ.

ಬರೆಯುತ್ತ ಹೋದಂತೆ ಒಂದು ವಿಷಯ ಹೊಳೆಯಿತು. ನಾನು ಅಂಕ ಕೊಡುತ್ತಿದ್ದುದು ತೋರಿಸಿದ್ದಕ್ಕಲ್ಲ, ತೋರಿಸದೆ ಬಿಟ್ಟದ್ದಕ್ಕೆ. ಕ್ಯಾಸೆಟ್ ಅಂಗಡಿ ಹಚ್ಚಿದ ಚಟ ಇದು.

ಕೆಳಗಿನಿಂದ ಬರುತ್ತೇನೆ. ಹನ್ನೊಂದನೆಯದು ‘ದಿ ರೈಸ್ ಆಫ್ ಸ್ಕೈವಾಕರ್’, 2019. ಆರಂಭದ ಹಳದಿ ಅಕ್ಷರಗಳಲ್ಲೇ ಸತ್ತ ಚಕ್ರವರ್ತಿ ಪಾಲ್ಪಟೀನ್ ಮತ್ತೆ ಬಂದಿದ್ದಾನೆ ಎಂದು ಸುದ್ದಿ ಓದಿದಂತೆ ಹೇಳಿಬಿಡುತ್ತಾರೆ. ಆಮೇಲೆ ಎರಡು ಗಂಟೆ ಓಡಾಟವೋ ಓಡಾಟ. ನಾಯಕಿ ರೇ ಆ ಚಕ್ರವರ್ತಿಯ ಮೊಮ್ಮಗಳು ಎಂದು ಬಯಲು ಮಾಡುತ್ತಾರೆ. ಹಿಂದಿನ ಚಿತ್ರ ಆಕೆ ಯಾರ ಮಗಳೂ ಅಲ್ಲ ಎಂದು ಗಟ್ಟಿಯಾಗಿ ಹೇಳಿದ್ದನ್ನು ಹೀಗೆ ಒರೆಸಿಹಾಕಿದರು. 2016ರ ಡಿಸೆಂಬರಿನಲ್ಲಿ ತೀರಿಕೊಂಡ ನಟಿ ಕ್ಯಾರಿ ಫಿಶರ್ ಅವರನ್ನು ಹಳೆಯ ಚಿತ್ರೀಕರಣದ ಬಳಸದ ತುಣುಕುಗಳಿಂದ ಕಥೆಯೊಳಗೆ ಉಳಿಸಿಕೊಂಡರು. ಆ ಜಾಗಗಳಲ್ಲಿ ಮಾತ್ರ ನಾನು ನೆಟ್ಟಗೆ ಕೂತು ನೋಡಿದೆ.

ಹತ್ತನೆಯದು ‘ಸೋಲೊ’, 2018. ಶೂಟಿಂಗ್ ನಡೆಯುತ್ತಿರುವಾಗಲೇ ನಿರ್ದೇಶಕರಿಬ್ಬರನ್ನು ತೆಗೆದು ರಾನ್ ಹೊವಾರ್ಡ್ ಅವರಿಗೆ ವಹಿಸಿದ ಚಿತ್ರ. ಕೆಟ್ಟದ್ದೇನಲ್ಲ, ರೈಲು ದರೋಡೆ ಚೆನ್ನಾಗಿದೆ. ಆದರೆ ಇದು ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತದೆ. ಹಾನ್‌ಗೆ ಸೋಲೊ ಎಂಬ ಅಡ್ಡಹೆಸರು ಹೇಗೆ ಬಂತು? ಸೈನ್ಯಕ್ಕೆ ಸೇರಿಸಿಕೊಳ್ಳುವ ಗುಮಾಸ್ತನೊಬ್ಬ, ನಿನಗೆ ಹಿಂದು ಮುಂದು ಯಾರೂ ಇಲ್ಲವಲ್ಲ ಎಂದು ಬರೆದುಕೊಂಡನಂತೆ. ಹೋಗಲಿ ಬಿಡಿ. ನನ್ನ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. 1977ರ ಚಿತ್ರದಲ್ಲಿ ಹಾನ್ ತನ್ನ ಹಡಗಿನ ಬಗ್ಗೆ ಜಂಬ ಕೊಚ್ಚುತ್ತಾನೆ: ಕೆಸೆಲ್ ಎಂಬ ದಾರಿಯನ್ನು ಹನ್ನೆರಡು ಪಾರ್ಸೆಕ್ಕಿನೊಳಗೆ ಮುಗಿಸಿದ ಹಡಗಂತೆ ಅದು. ಪಾರ್ಸೆಕ್ ಎಂದರೆ ಕಾಲದ ಅಳತೆಯಲ್ಲ, ದೂರದ್ದು, ಸುಮಾರು 3.26 ಜ್ಯೋತಿರ್ವರ್ಷ. ಎದುರಿಗೆ ಕೂತ ಓಬಿ-ವಾನ್ ಎಂಬ ಮುದುಕ, ಅಂದರೆ ನಟ ಅಲೆಕ್ ಗಿನ್ನೆಸ್, ಏನೂ ಹೇಳದೆ ಸುಮ್ಮನೆ ಮುಖ ಮಾಡುತ್ತಾರೆ. ಸಂತೆಯಲ್ಲಿ ದನದ ದಲ್ಲಾಳಿ ಹಲ್ಲಿನ ಲೆಕ್ಕ ಹೇಳಿದಾಗ ನಮ್ಮಜ್ಜ ಮಾಡುತ್ತಿದ್ದ ಮುಖ ಅದು. ಇವನು ಬುರುಡೆ ಬಿಡುತ್ತಿದ್ದಾನೆ ಎಂದು ನಮಗೂ ಗೊತ್ತಾಗುತ್ತದೆ, ಅವನು ಹತ್ತಿರದವನಾಗುತ್ತಾನೆ. ‘ಸೋಲೊ’ ಆ ಬುರುಡೆಯನ್ನು ನಿಜ ಮಾಡಿ ತೋರಿಸಿತು: ಅಡ್ಡದಾರಿ ಹಿಡಿದು ದೂರವನ್ನೇ ಕಡಿಮೆ ಮಾಡಿದನಂತೆ. ಒಬ್ಬ ಸೊಗಸಾದ ಸುಳ್ಳುಗಾರನನ್ನು ನಲವತ್ತೊಂದು ವರ್ಷಗಳ ನಂತರ ಸತ್ಯವಂತನನ್ನಾಗಿ ಮಾಡಿ ಕೆಡಿಸಿದರು.

ಒಂಬತ್ತನೆಯದು ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’, 2002. ಫಿಲ್ಮ್ ಸುರುಳಿಯನ್ನು ಬಿಟ್ಟು ಇಡಿಯಾಗಿ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರಿಸಿದ ಮೊದಮೊದಲ ದೊಡ್ಡ ಚಿತ್ರಗಳಲ್ಲಿ ಒಂದು. ಇತಿಹಾಸಕ್ಕೆ ದೊಡ್ಡ ಸಂಗತಿ ಇರಬಹುದು. ಮುಂದೆ ವೇಡರ್ ಆಗಲಿರುವ ಆನಕಿನ್ ತನ್ನ ಪ್ರೇಯಸಿ ಪದ್ಮೆಯ ಎದುರು ಮರಳಿನ ಬಗ್ಗೆ ದೂರುವುದನ್ನು ಪ್ರಣಯವೆಂದು ಒಪ್ಪಲು ನನ್ನಿಂದಾಗದು. ಎಂಬತ್ತರ ಹೊಸ್ತಿಲಲ್ಲಿದ್ದ ನಟ ಕ್ರಿಸ್ಟೊಫರ್ ಲೀ ಅವರ ಗಂಟಲಿಗೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗುತ್ತೇನೆ.

‘ದಿ ಫ್ಯಾಂಟಮ್ ಮೆನೇಸ್’ ಎಂಟನೆಯದು. 1999ರಲ್ಲಿ ಬಂದರೂ ಕಥೆಯಲ್ಲಿ ಇದೇ ಮೊದಲ ಕಂತು. ಗೊತ್ತಿಲ್ಲದವರಿಗಾಗಿ ಈ ಗೋಜಲನ್ನು ಇಲ್ಲೇ ಬಿಡಿಸಿಬಿಡುತ್ತೇನೆ: ಮೊದಲು ತಯಾರಾದ ಮೂರು ಚಿತ್ರಗಳು ನಾಲ್ಕು, ಐದು, ಆರನೇ ಕಂತು, ಆಮೇಲೆ ಬಂದ ಮೂರು ಅದರ ಹಿಂದಿನ ಕಥೆ, ಕೊನೆಯ ಮೂರು ಮುಂದಿನ ಕಥೆ. 1977ರಲ್ಲಿ ತೆರೆಕಂಡಾಗ ಮೊದಲ ಚಿತ್ರಕ್ಕೆ ಕಂತಿನ ಸಂಖ್ಯೆಯೇ ಇರಲಿಲ್ಲ. 1981ರ ಮರುಬಿಡುಗಡೆಯಲ್ಲಿ ‘ನಾಲ್ಕನೇ ಕಂತು’ ಎಂದು ಸೇರಿಸಿದರು.

ಈ ಎಂಟನೆಯದರ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ‘ಫೋರ್ಸ್’ ಎಂಬ, ಜಗತ್ತನ್ನೆಲ್ಲ ಹೆಣೆದಿರುವ ಆ ಶಕ್ತಿಯನ್ನು 1977ರಲ್ಲಿ ಮುದುಕನೊಬ್ಬ ನಾಲ್ಕು ಮಾತಿನಲ್ಲಿ ಹೇಳಿ ಬಿಟ್ಟಿದ್ದ. ಬೇಕಾದವರು ಅದನ್ನು ದೇವರೆಂದುಕೊಂಡರು, ಬೇಕಾದವರು ಪ್ರಾಣವೆಂದುಕೊಂಡರು. ಇಲ್ಲಿ ಅದಕ್ಕೆ ರಕ್ತಪರೀಕ್ಷೆ ಮಾಡಿಸಿದರು! ರಕ್ತದಲ್ಲಿ ಮಿಡಿಕ್ಲೋರಿಯನ್ ಎಂಬ ಸೂಕ್ಷ್ಮಜೀವಿಗಳ ಎಣಿಕೆ ಜಾಸ್ತಿಯಿದ್ದರೆ ಶಕ್ತಿಯೂ ಜಾಸ್ತಿಯಂತೆ. ಸಕ್ಕರೆ ಕಾಯಿಲೆಯ ರಿಪೋರ್ಟು ಹಿಡಿದು ಲ್ಯಾಬಿನಿಂದ ಹೊರಬಂದಂತಾಯಿತು ನನಗೆ.

ಆದರೂ ಇದು ಇನ್ನೂ ಕೆಳಗೆ ಇಳಿಯದಿರಲು ಎರಡು ಕಾರಣ. ಒಂದು, ಬೆಟ್ಟದ ಸಂದಿಗಳಲ್ಲಿ ನಡೆಯುವ ಪಾಡ್ ರೇಸು. ಅದರ ಶಬ್ದಕ್ಕೇ ಮತ್ತೊಮ್ಮೆ ನೋಡಬಹುದು. ಇನ್ನೊಂದು, ಕೊನೆಯ ಕತ್ತಿವರಸೆಯ ಹಿಂದೆ ಬರುವ ವೃಂದಗಾನ. ಅದು ಸಂಸ್ಕೃತ. ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್, ವೇಲ್ಸ್ ದೇಶದ ಪುರಾತನ ಕವಿತೆಯೊಂದರ ಇಂಗ್ಲಿಷ್ ಸಾಲುಗಳನ್ನು ಬೇರೆಬೇರೆ ಭಾಷೆಗೆ ಹಾಕಿಸಿ ನೋಡಿ, ಸ್ವರಗಳ ತುಂಬುತನಕ್ಕೆ ಮನಸೋತು ಸಂಸ್ಕೃತವನ್ನು ಆರಿಸಿಕೊಂಡರು. ಆಮೇಲೆ ಪದಗಳನ್ನು ತಮ್ಮ ತಾಳಕ್ಕೆ ಬೇಕಾದಂತೆ ಒಡೆದು, ಹಿಂದುಮುಂದು ಮಾಡಿ ಕೂರಿಸಿದರು. ಸಂಸ್ಕೃತ ಓದಿದ ನಮ್ಮ ಸೋದರತ್ತೆಗೆ ಒಮ್ಮೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಒಂದು ಪದವೂ ಹಿಡಿಯಲಿಲ್ಲ ಕಣೋ. ಆದರೆ ಯಾರೋ ಹೋಮ ಮಾಡ್ತಿದ್ದಾರೆ ಅನ್ನಿಸ್ತು, ಒಳ್ಳೇದಕ್ಕಲ್ಲ” ಎಂದರು. ಅಷ್ಟು ಚೆನ್ನಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಈ ಚಿತ್ರದಲ್ಲಿ ಜಾರ್ ಜಾರ್ ಬಿಂಕ್ಸ್ ಎಂಬ ಕೋಡಂಗಿಯಂಥ ಪಾತ್ರವಿದೆ. ಜಗತ್ತಿನ ಅಭಿಮಾನಿಗಳೆಲ್ಲ ಸೇರಿ ಅದನ್ನು ಹುರಿದು ಮುಕ್ಕಿದರು, ನಾನೂ ನಕ್ಕವನೇ. ಪಾತ್ರ ಮಾಡಿದ ಅಹ್ಮದ್ ಬೆಸ್ಟ್ ಆ ಹೀಯಾಳಿಕೆಯಿಂದ ತಾವು ಜೀವ ಕಳೆದುಕೊಳ್ಳುವ ಅಂಚಿಗೆ ಹೋಗಿದ್ದುದನ್ನು 2018ರಲ್ಲಿ ಹೇಳಿಕೊಂಡರು. 2023ರಲ್ಲಿ ‘ದಿ ಮ್ಯಾಂಡಲೋರಿಯನ್’ ಸರಣಿಯಲ್ಲಿ ಅವರು ಎರಡು ಬೆಳಕಿನ ಕತ್ತಿ ಹಿಡಿದು ಜೆಡೈ ಯೋಧನಾಗಿ ಬಂದಾಗ ನಮ್ಮ ಮನೆಯಲ್ಲಿ ಚಪ್ಪಾಳೆ ಬಿತ್ತು.

ಏಳನೆಯದಾದ ‘ದಿ ಫೋರ್ಸ್ ಅವೇಕನ್ಸ್’ಗೆ ಹೆಚ್ಚು ಮಾತು ಬೇಡ. 2012ರಲ್ಲಿ ಡಿಸ್ನಿ ಕಂಪನಿ 405 ಕೋಟಿ ಡಾಲರ್ ಕೊಟ್ಟು ಲೂಕಸ್‌ಫಿಲ್ಮ್ ಕೊಂಡುಕೊಂಡ ಮೇಲೆ ಬಂದ ಮೊದಲನೆಯದು, 2015ರದ್ದು. 1977ರ ಅಡುಗೆಯನ್ನೇ ಮತ್ತೆ ಬಿಸಿ ಮಾಡಿ ಬಡಿಸಿದ್ದಾರೆ. ಆದರೆ ಮರಳಲ್ಲಿ ಹೂತ ದೈತ್ಯ ಯುದ್ಧನೌಕೆಯ ಹೊಟ್ಟೆಯೊಳಗೆ ರೇ ಗುಜರಿ ಹೆಕ್ಕುವುದು, ಅದನ್ನು ಮಾರಿ ಸಿಕ್ಕ ಒಂದು ಹೊತ್ತಿನ ಹಿಟ್ಟನ್ನು ಉಣ್ಣುವುದು, ಯಾರದೋ ಹಳೆಯ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡು ಒಬ್ಬಳೇ ಕೂತು ದಿಗಂತ ನೋಡುವುದು... ಒಂದೂ ಮಾತಿಲ್ಲದ ಆ ಕೆಲವು ನಿಮಿಷ ಸಾಕು ನನಗೆ.

ಆರನೆಯದು ‘ರಿಟರ್ನ್ ಆಫ್ ದಿ ಜೆಡೈ’, 1983. ಇದೇ ಆ ರಾತ್ರಿಯ ಎರಡನೇ ಕ್ಯಾಸೆಟ್ಟು. ಕಾಡಿನೊಳಗೆ ಹಾರುವ ಬೈಕುಗಳ ಬೆನ್ನಟ್ಟುವಿಕೆಯನ್ನು ಹೇಗೆ ತೆಗೆದರು ಎಂದು ಆಮೇಲೆ ಓದಿ ತಿಳಿದಾಗ ನಗು ಬಂತು. ಸ್ಟೆಡಿಕ್ಯಾಮ್ ಕಂಡುಹಿಡಿದ ಗ್ಯಾರೆಟ್ ಬ್ರೌನ್ ಅವರೇ ಆ ಸಾಧನವನ್ನು ಮೈಗೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿ ನಡೆದುಹೋದರು, ಅಷ್ಟೇ. ಕ್ಯಾಮೆರಾ ಸೆಕೆಂಡಿಗೆ ಒಂದು ಫ್ರೇಮಿಗಿಂತಲೂ ನಿಧಾನವಾಗಿ ಓಡುತ್ತಿತ್ತು. ಅದನ್ನು ಮಾಮೂಲಿನ ಇಪ್ಪತ್ತನಾಲ್ಕು ಫ್ರೇಮಿನ ವೇಗದಲ್ಲಿ ತೋರಿಸಿದಾಗ, ವಾಕಿಂಗ್ ಹೋದ ಮನುಷ್ಯ ರಾಕೆಟ್ ಆಗಿಬಿಟ್ಟ.

ಅದರ ಕೊನೆ ನನಗೆ ಬಾಯಿಪಾಠ. ಚಕ್ರವರ್ತಿ ಲ್ಯೂಕನ ಮೇಲೆ ಮಿಂಚು ಹರಿಸಿ ಕೊಲ್ಲುತ್ತಿದ್ದಾನೆ. ಮಗ ಅಪ್ಪಾ ಎಂದು ಕೂಗುತ್ತಿದ್ದಾನೆ. ವೇಡರ್ ಪಕ್ಕದಲ್ಲಿ ನಿಂತಿದ್ದಾನೆ. ಕಪ್ಪು ಮುಖವಾಡ, ಅದರಲ್ಲಿ ಕಣ್ಣಿಲ್ಲ, ತುಟಿಯಿಲ್ಲ. ಅದು ಚಕ್ರವರ್ತಿಯತ್ತ ತಿರುಗುತ್ತದೆ, ಮಗನತ್ತ ತಿರುಗುತ್ತದೆ, ಮತ್ತೆ ಚಕ್ರವರ್ತಿಯತ್ತ. ಅಷ್ಟೇ. ಆ ಪ್ಲಾಸ್ಟಿಕ್ಕಿನ ಒಳಗೆ ನಡೆಯುತ್ತಿದ್ದುದನ್ನೆಲ್ಲ ನಾವೇ ತುಂಬಿಕೊಂಡೆವು. ಅಣ್ಣನ ಕಣ್ಣಲ್ಲಿ ನೀರು ನೋಡಿದ್ದು ನಾನು ಆವತ್ತೇ ಮೊದಲು. 2011ರಲ್ಲಿ ಬ್ಲೂ-ರೇ ಡಿಸ್ಕ್ ಹೊರತರುವಾಗ ಸರಣಿಯ ಜನಕ ಜಾರ್ಜ್ ಲೂಕಸ್ ಆ ಮೌನಕ್ಕೆ ಬೇಡ, ಬೇಡ ಎಂಬ ಅರ್ಥದ ಕೂಗೊಂದನ್ನು ಸೇರಿಸಿದರು. ಅವರ ಸಿನಿಮಾ, ಅವರ ಇಷ್ಟ, ಒಪ್ಪುತ್ತೇನೆ. ಆದರೆ ಇಪ್ಪತ್ತೆಂಟು ವರ್ಷ ಲಕ್ಷಾಂತರ ಜನ ತಮ್ಮತಮ್ಮ ಎದೆಯೊಳಗೆ ಕೂಗಿಕೊಂಡಿದ್ದನ್ನು ಒಂದೇ ಗಂಟಲಿನಿಂದ ಕೂಗಿಸಿಬಿಟ್ಟರಲ್ಲ! ನನ್ನ ಪಟ್ಟಿಯಲ್ಲಿ ಆರನೆಯದು ಹಳೆಯ ಕ್ಯಾಸೆಟ್ಟಿನ ಜೆಡೈ. ಡಿಸ್ಕಿನದನ್ನು ಎಲ್ಲಿಡಲಿ ಎಂದು ಕೇಳಬೇಡಿ.

ಇನ್ನು ಮಗಳ ಜೊತೆಗಿನ ಜಗಳ. ಅವಳ ಪಟ್ಟಿಯಲ್ಲಿ ಮೊದಲನೆಯದು, ನನ್ನಲ್ಲಿ ಐದನೆಯದು: ‘ರಿವೆಂಜ್ ಆಫ್ ದಿ ಸಿತ್’, 2005. ಒಳ್ಳೆಯ ಹುಡುಗ ಆನಕಿನ್ ಡಾರ್ತ್ ವೇಡರ್ ಆಗುವ ಕಥೆ. ಅವಳು ಈ ಸರಣಿಯನ್ನು ನೋಡಿದ್ದು ಒಂದನೇ ಕಂತಿನಿಂದ; ಒಂದು ಎಂದು ಬರೆದ ಮೇಲೆ ಅಲ್ಲಿಂದ ತಾನೇ ಶುರು ಮಾಡಬೇಕು ಎಂದು ಅವಳ ತರ್ಕ. ಆಗ ಅವಳಿಗೆ ಎಂಟು ವರ್ಷ. ಪಾಲ್ಪಟೀನ್ ಯಾರು, ಏನು ಹೊಂಚುತ್ತಿದ್ದಾನೆ ಎಂಬುದು ನಮಗೆ ತಿಳಿದಿತ್ತು, ಅವಳಿಗೆ ತಿಳಿದಿರಲಿಲ್ಲ. ಅವನು ನಾಟಕಶಾಲೆಯಲ್ಲಿ ಆನಕಿನ್‌ನನ್ನು ಪಕ್ಕ ಕೂರಿಸಿಕೊಂಡು, ಸಾವನ್ನೇ ತಡೆಯಬಲ್ಲವನಾಗಿದ್ದ ಒಬ್ಬ ಹಳೆಯ ಗುರುವಿನ ಕಥೆಯನ್ನು ತಣ್ಣಗೆ ಹೇಳುತ್ತಾನೆ. ಆ ಪಾತ್ರ ಮಾಡಿದ ಇಯಾನ್ ಮೆಕ್‌ಡೈರ್ಮಿಡ್ ಅಲ್ಲಿ ಧ್ವನಿ ಏರಿಸುವುದೇ ಇಲ್ಲ. “ಅಪ್ಪಾ, ಈ ಅಜ್ಜ ಒಳ್ಳೆಯವನಲ್ಲ ಅಲ್ವಾ?” ಎಂದು ಅವಳು ಪಿಸುಗುಟ್ಟಿದಳು. ನಾನು ಉತ್ತರ ಹೇಳಲಿಲ್ಲ. ಲಾವಾ ನದಿಯ ದಡದಲ್ಲಿ ಗುರು-ಶಿಷ್ಯರ ಕಾಳಗ ಶುರುವಾದಾಗ ಅವಳು ಸೋಫಾದ ಹಿಂದೆ ನಿಂತು ನೋಡಿದಳು. ಆ ಬೆಂಕಿಯಲ್ಲಿ ಅಷ್ಟಿಷ್ಟು ನಿಜದ್ದು. ಸಿಸಿಲಿಯ ಎಟ್ನಾ ಜ್ವಾಲಾಮುಖಿ ಉಕ್ಕಿದಾಗ ತೆಗೆದ ದೃಶ್ಯಗಳನ್ನು ಸೇರಿಸಿದ್ದಾರೆ.

ಇದು ಎಲ್ಲವನ್ನೂ ವಿವರಿಸುವ ಚಿತ್ರವೇ ಅಲ್ಲವೇ, ಹಾಗಾದರೆ ನಿಮ್ಮ ಲೆಕ್ಕದಲ್ಲಿ ಇದು ಹನ್ನೆರಡನೆಯದಾಗಬೇಕಿತ್ತಲ್ಲ ಎಂದು ಮಗಳು ಕಾಲೆಳೆಯುತ್ತಾಳೆ. ನನ್ನ ಬಳಿ ಇರುವುದು ಯಕ್ಷಗಾನದ ಉತ್ತರ. ಕೀಚಕ ಸಾಯುತ್ತಾನೆಂದು ಗೊತ್ತಿದ್ದೇ ಜನ ಬೆಳಗಿನವರೆಗೆ ಕೂರುತ್ತಾರೆ. ಕಾಯುವುದು ಮುಂದೇನು ಎಂದಲ್ಲ, ಈ ವೇಷ ಆ ಜಾಗಕ್ಕೆ ಹೇಗೆ ಬಂದು ನಿಲ್ಲುತ್ತದೆ ಎಂದು. ಅಧಿಕಾರವನ್ನೆಲ್ಲ ಒಬ್ಬನ ಕೈಗಿಟ್ಟು ಇಡೀ ಸಭೆ ಕರತಾಡನ ಮಾಡುವಾಗ, ಸ್ವಾತಂತ್ರ್ಯ ಚಪ್ಪಾಳೆಯ ಸದ್ದಿನಲ್ಲೇ ಸಾಯುತ್ತಿದೆ ಎಂಬರ್ಥದ ಮಾತು ಪದ್ಮೆಯ ಬಾಯಿಂದ ಬರುತ್ತದೆ. ಈ ಮಾತಿಗಾಗಿ ನಾನು ಹಿಂದಿನೆರಡು ಚಿತ್ರಗಳ ಎಲ್ಲ ಒಣ ಸಂಭಾಷಣೆಯನ್ನೂ ಮನ್ನಿಸಿದ್ದೇನೆ. ಐದಕ್ಕಿಂತ ಮೇಲೇರಿಸಲು ಮಾತ್ರ ಆಗಲಿಲ್ಲ. ಮಗಳು ಎರಡು ದಿನ ಮಾತು ಬಿಟ್ಟಳು.

ನಾಲ್ಕು: ‘ದಿ ಲಾಸ್ಟ್ ಜೆಡೈ’, 2017, ರಿಯಾನ್ ಜಾನ್ಸನ್. ಅಭಿಮಾನಿಗಳನ್ನು ಎರಡು ಪಾಳೆಯ ಮಾಡಿದ ಚಿತ್ರ. ಅಪ್ಪ ಅಮ್ಮ ಯಾರು ಎಂದು ಹುಡುಕುತ್ತ ಬಂದ ರೇ ಎಂಬ ಹುಡುಗಿಗೆ ಸಿಗುವ ಉತ್ತರ ಇದು: ಅವರು ಯಾರೂ ಅಲ್ಲ, ಕುಡಿತದ ಕಾಸಿಗಾಗಿ ನಿನ್ನನ್ನು ಮಾರಿದವರು. ವಂಶಾವಳಿಯ ಮೇಲೆಯೇ ನಿಂತ ಕಥೆಯಲ್ಲಿ ಇದಕ್ಕಿಂತ ಧೈರ್ಯದ ಮಾತು ಇನ್ನೊಂದಿಲ್ಲ. ಅದನ್ನು ಎರಡೇ ವರ್ಷದಲ್ಲಿ ಹಿಂತೆಗೆದುಕೊಂಡದ್ದಕ್ಕೇ ಆ ಹನ್ನೊಂದನೆಯದರ ಮೇಲೆ ನನಗೆ ಅಷ್ಟು ಕೋಪ. ಇದೇ ಚಿತ್ರದಲ್ಲಿ ಒಂದು ಹಡಗು ಬೆಳಕಿನ ವೇಗದಲ್ಲಿ ಶತ್ರುವಿನ ಹಡಗನ್ನು ಸೀಳಿಕೊಂಡು ಹೋಗುವಾಗ ಶಬ್ದ ಪೂರ್ತಿ ನಿಂತುಹೋಗುತ್ತದೆ. ಯಂತ್ರ ಕೆಟ್ಟಿಲ್ಲ, ಮೌನ ಬೇಕೆಂದೇ ಇದೆ ಎಂದು ಅಮೆರಿಕದಲ್ಲಿ ಚಿತ್ರಮಂದಿರದವರು ಚೀಟಿ ಅಂಟಿಸಬೇಕಾಯಿತು. ಐರ್ಲೆಂಡಿನ ಸ್ಕೆಲಿಗ್ ಮೈಕಲ್ ದ್ವೀಪದಲ್ಲಿ ಶೂಟಿಂಗ್ ಮಾಡುವಾಗ ಎಲ್ಲಿ ನೋಡಿದರೂ ಪಫಿನ್ ಹಕ್ಕಿಗಳು. ಓಡಿಸುವಂತಿಲ್ಲ, ಅದು ಸಂರಕ್ಷಿತ ಜಾಗ. ಅವನ್ನು ಮರೆಮಾಡಲು ಅದೇ ಗಾತ್ರದ ಪೋರ್ಗ್ ಎಂಬ ಮುದ್ದು ಪ್ರಾಣಿಯನ್ನೇ ಹುಟ್ಟಿಸಿದರು. ನಮ್ಮಲ್ಲಿ ಹೊರಾಂಗಣ ಚಿತ್ರೀಕರಣದಲ್ಲಿ ಅಡ್ಡ ಬರುವ ಜನಜಂಗುಳಿಗೆ ಇಂಥ ಪರಿಹಾರ ಸಿಕ್ಕಿಲ್ಲ.

ಮೂರನೆಯದು ನನ್ನ ಸಿದ್ಧಾಂತಕ್ಕೇ ಮುಳ್ಳು. 2016ರ ‘ರೋಗ್ ಒನ್’ ಹುಟ್ಟಿದ್ದೇ ಖಾಲಿ ಜಾಗವೊಂದನ್ನು ತುಂಬಲು. ಮೊದಲ ಚಿತ್ರದ ಹಳದಿ ಅಕ್ಷರಗಳಲ್ಲಿ, ಬಂಡುಕೋರರ ಗೂಢಚಾರರು ಡೆತ್ ಸ್ಟಾರ್ ಎಂಬ ಮಹಾಸ್ತ್ರದ ನಕ್ಷೆ ಕದ್ದರು ಎಂಬ ಒಂದು ಸುದ್ದಿ ಬಂದುಹೋಗುತ್ತದೆ. ಅಣ್ಣ ಓದುವಷ್ಟರಲ್ಲಿ ಕರಗಿದ ಸಾಲುಗಳಲ್ಲಿ ಅದೂ ಇತ್ತೇನೋ. ಆ ಒಂದು ಸುದ್ದಿಯನ್ನು ಹಿಗ್ಗಿಸಿ ಗ್ಯಾರೆತ್ ಎಡ್ವರ್ಡ್ಸ್ ಎರಡು ಗಂಟೆಗೂ ಮಿಕ್ಕಿದ ಚಿತ್ರ ಮಾಡಿದರು. ಅಷ್ಟೇ ಅಲ್ಲ, ಅಷ್ಟು ದೊಡ್ಡ ಅಸ್ತ್ರದಲ್ಲಿ ಒಂದು ಗುಂಡಿಗೇ ಸಿಡಿಯುವ ದೋಷ ಏಕಿತ್ತು ಎಂಬುದಕ್ಕೂ ಕಾರಣ ಕೊಟ್ಟರು: ಬಲವಂತಕ್ಕೆ ಕೆಲಸ ಮಾಡಿದ ವಿಜ್ಞಾನಿ ಬೇಕೆಂದೇ ಇಟ್ಟದ್ದು. ‘ಸೋಲೊ’ಗೆ ಬೈದವನು ಇದನ್ನು ಹೇಗೆ ಮೆಚ್ಚಲಿ?

ಮೆಚ್ಚಿದೆ. ಏಕೆಂದರೆ ಇಲ್ಲಿ ತುಂಬಿದ್ದು ನಕ್ಷೆಯ ಕಥೆಯನ್ನು. ಅದನ್ನು ಕದ್ದವರು ಮಾತ್ರ ಇನ್ನಷ್ಟು ಖಾಲಿಯಾಗಿಯೇ ಉಳಿಯುತ್ತಾರೆ. ಆ ಕುರುಡ ಸಾಧಕ, ಆ ಹೆದರುಪುಕ್ಕಲ ಪೈಲಟ್, ಆ ಕೊಲೆಗಡುಕ ಗೂಢಚಾರ, ಎಲ್ಲರೂ ಒಬ್ಬೊಬ್ಬರಾಗಿ ಸಾಯುತ್ತಾರೆ, ತಮ್ಮ ಕೆಲಸ ಫಲಿಸಿತೇ ಎಂದು ತಿಳಿಯದೆ. ಮೊದಲ ಚಿತ್ರದಲ್ಲಿ ಅವರ ಹೆಸರನ್ನೂ ಯಾರೂ ಹೇಳುವುದಿಲ್ಲ. ಅವರು ಕೊನೆಯುಸಿರೆಳೆಯುವ ಕಡಲತೀರವನ್ನು ಚಿತ್ರೀಕರಿಸಿದ್ದು ಮಾಲ್ಡೀವ್ಸಿನ ಲಾಮು ದ್ವೀಪಸಮೂಹದಲ್ಲಿ. ತೆಂಗು, ತಿಳಿನೀಲಿ ನೀರು, ನಮ್ಮ ಕರಾವಳಿಯವರಿಗೆ ಪರಿಚಯದ ಬಿಸಿಲು. 1994ರಲ್ಲೇ ತೀರಿಕೊಂಡ ನಟ ಪೀಟರ್ ಕುಶಿಂಗ್ ಅವರ ಮುಖವನ್ನು ಕಂಪ್ಯೂಟರಿನಲ್ಲಿ ಕಡೆದು ಎಬ್ಬಿಸಿದ್ದು ನನಗೆ ಹಿಡಿಸಲಿಲ್ಲ. ಸತ್ತವರನ್ನು ಮಲಗಲು ಬಿಡಬೇಕು.

ಈಗ ಎರಡು ಮತ್ತು ಒಂದು. ಇಲ್ಲಿ ಲೋಕವೆಲ್ಲ ಒಂದು ಕಡೆ, ನಾನು ಇನ್ನೊಂದು ಕಡೆ.

‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’, 1980. ಇದೇ ನನ್ನ ಮಧ್ಯದ ಕ್ಯಾಸೆಟ್ಟು. ಯಾರನ್ನೇ ಕೇಳಿ, ಸರಣಿಯಲ್ಲಿ ಇದೇ ಶ್ರೇಷ್ಠ ಎನ್ನುತ್ತಾರೆ. ಕಸುಬಿನ ದೃಷ್ಟಿಯಿಂದ ನಾನೂ ಒಪ್ಪುತ್ತೇನೆ. ಲೂಕಸ್‌ಗೆ ಹಿಂದೆ ಪಾಠ ಹೇಳಿದ್ದ ಅರ್ವಿನ್ ಕರ್ಶ್ನರ್ ನಿರ್ದೇಶಕರು. ನಾರ್ವೆಯ ಫಿನ್ಸೆಯಲ್ಲಿ ಹಿಮಗಾಳಿ ಎಷ್ಟಿತ್ತೆಂದರೆ ಹೊಟೇಲಿನ ಬಾಗಿಲಿನಿಂದಲೇ ಕ್ಯಾಮೆರಾ ಹೊರಗೆ ಚಾಚಿ, ನಟನನ್ನು ಮಾತ್ರ ಹಿಮಕ್ಕೆ ಅಟ್ಟಿ ಚಿತ್ರೀಕರಿಸಿದರು. ಆ ಹಸಿರು ಮುದುಕ ಯೋಡಾ ಒಂದು ಬೊಂಬೆ. ಒಳಗೆ ಕೈಯಿಟ್ಟು ಜೀವ ಕೊಟ್ಟವರು, ದನಿ ಕೊಟ್ಟವರು ಫ್ರಾಂಕ್ ಆಜ್. ಸ್ಟುವರ್ಟ್ ಫ್ರೀಬಾರ್ನ್ ಆ ಮುಖ ಮಾಡುವಾಗ ಐನ್‌ಸ್ಟೈನರ ಕಣ್ಣಿನ ಸುಕ್ಕುಗಳನ್ನು ನೆನೆದುಕೊಂಡರು. ಮೂರನೇ ಭಾಗದಲ್ಲಿ ಅವನು ಸತ್ತಾಗ ಲ್ಯೂಕ್ ಏಕೆ ಅಷ್ಟು ನೊಂದನೆಂದು 1991ರಲ್ಲಿ, ಬೆಂಗಳೂರಿನಲ್ಲಿದ್ದ ಮಾವನ ಮನೆಯ ಟಿವಿ ಮುಂದೆ ನನಗೆ ಅರ್ಥವಾಯಿತು. ಎರಡು ವರ್ಷ ತಡವಾಗಿ ನಾನು ಅತ್ತೆ.

ಆಮೇಲೆ ಆ ಘಳಿಗೆ ಬಂತು. ತಳವಿಲ್ಲದ ಬಾವಿಯಂಥ ಕಂದಕದ ಮೇಲೆ ಒಂದು ಕಂಬಿ. ಕೈ ಕಡಿದುಹೋದ ಮಗ ಅದಕ್ಕೆ ಜೋತುಬಿದ್ದಿದ್ದಾನೆ. ಸತ್ಯ ಹೇಳುವುದು ತಾಯಿಯಲ್ಲ, ಕಡಿದವನೇ ಹೇಳುತ್ತಾನೆ. ನನ್ನ ಎರಡನೇ ಭಾಗ ಅಲ್ಲಿಗೆ ಚೂರಾಯಿತು. ಶೂಟಿಂಗಿನ ದಿನ ವೇಡರನ ವೇಷದೊಳಗಿದ್ದ ಡೇವಿಡ್ ಪ್ರೌಸ್ ಅವರಿಗೆ ಕೊಟ್ಟಿದ್ದುದೇ ಬೇರೆ ಮಾತು, ನಿನ್ನ ಅಪ್ಪನನ್ನು ಕೊಂದವನು ಓಬಿ-ವಾನ್ ಎಂದು. ನಿಜ ಮಾತು ಗೊತ್ತಿದ್ದುದು ಬೆರಳೆಣಿಕೆಯವರಿಗೆ; ಲ್ಯೂಕನ ಪಾತ್ರದ ಮಾರ್ಕ್ ಹ್ಯಾಮಿಲ್‌ಗೆ ಕ್ಯಾಮೆರಾ ಓಡುವ ಸ್ವಲ್ಪ ಮೊದಲು ಹೇಳಿದರು. ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ತಮ್ಮ ಕಂಚಿನ ಕಂಠದಲ್ಲಿ ನಿಜವನ್ನು ಹೇಳಿ ಕೂರಿಸಿದರು.

ಇದಕ್ಕಿಂತ ಸೋಜಿಗದ್ದು ಇನ್ನೊಂದಿದೆ. 1977ರಲ್ಲಿ ಅಪ್ಪನನ್ನು ವೇಡರ್ ಕೊಂದ ಎಂದು ಓಬಿ-ವಾನ್ ಹೇಳುತ್ತಾನೆ. ಅವನು ಹಾಗೆ ಹೇಳಿದಾಗ ಅದು ಸುಳ್ಳಾಗಿರಲಿಲ್ಲ. ಎರಡನೇ ಭಾಗದ ಮೊದಲ ಕರಡನ್ನು ಲೀ ಬ್ರಾಕೆಟ್ ಎಂಬ ಹಿರಿಯ ಲೇಖಕಿ ಬರೆದುಕೊಟ್ಟರು. ಕೊಟ್ಟ ಸ್ವಲ್ಪ ದಿನಕ್ಕೇ, 1978ರ ಮಾರ್ಚಿನಲ್ಲಿ, ತೀರಿಕೊಂಡರು. ಆ ಕರಡಿನಲ್ಲಿ ಲ್ಯೂಕನ ಅಪ್ಪ ಬೇರೆಯೇ ವ್ಯಕ್ತಿ, ಆತ್ಮವಾಗಿ ಬಂದು ಮಗನನ್ನು ಹರಸುತ್ತಾನೆ. ಅಪ್ಪನೂ ವೇಡರನೂ ಒಂದೇ ಎಂಬುದು ಲೂಕಸ್‌ಗೆ ಮುಂದಿನ ಕರಡು ತಿದ್ದುವಾಗ ಹೊಳೆದದ್ದು. ಅಂದರೆ ತಾವೇ ಮೊದಲು ಬಿಟ್ಟಿದ್ದ ಖಾಲಿ ಜಾಗದೊಳಗೆ ಇಣುಕಿ ನೋಡಿ ಅವರೂ ಬೆಚ್ಚಿದರು.

ಆ ರಾತ್ರಿ ದೊಡ್ಡಪ್ಪನ ಮನೆಯಲ್ಲಿ ಒಂದರ ಹಿಂದೆ ಒಂದು ಓಡಿದ ‘ಬಭ್ರುವಾಹನ’ವೂ ‘ಸ್ಟಾರ್ ವಾರ್ಸ್’ ಕೂಡ ಒಂದೇ ವರ್ಷ, 1977ರಲ್ಲಿ ತೆರೆಕಂಡವು ಎಂಬುದು ಬಹಳ ದಿನ ನನ್ನ ಗಮನಕ್ಕೆ ಬಂದಿರಲಿಲ್ಲ. ಹುಣಸೂರು ಕೃಷ್ಣಮೂರ್ತಿಯವರ ಆ ಚಿತ್ರದಲ್ಲಿ ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಮಗನಿಗೆ ಅಪ್ಪ ಯಾರೆಂದು ಗೊತ್ತು, ಒಪ್ಪದವನು ಅಪ್ಪ. ಇಲ್ಲಿ ತಿರುವುಮುರುವು: ಮಗನೇ ಬಾ ಎಂದು ಅಪ್ಪ ಕೈ ಚಾಚುತ್ತಾನೆ, ಒಪ್ಪದ ಮಗ ಕಂದಕಕ್ಕೆ ಹಾರುತ್ತಾನೆ. ಇಬ್ಬರಿಗೂ ಒಂದೇ ಮುಖವಿದೆ ಎಂಬ ನಮ್ಮ ಸಿನಿಮಾದ ಸಂಕಟ ವೇಡರನ ಮುಖವಾಡಕ್ಕೆ ಇಲ್ಲ.

ಇಷ್ಟೆಲ್ಲ ಇದ್ದೂ ಎಂಪೈರ್ ಎರಡನೆಯದೇ. ಅದರ ತಪ್ಪಲ್ಲ. ಹನ್ನೆರಡರಿಂದ ಹದಿನಾಲ್ಕರ ಪ್ರಾಯದಲ್ಲಿ ನಾನು ಕಟ್ಟಿಕೊಂಡಿದ್ದ ಎರಡನೇ ಭಾಗವನ್ನು ಅದು ಅಳಿಸಿಹಾಕಿತು. ಆ ಸಣ್ಣ ಹೊಟ್ಟೆಕಿಚ್ಚು ಇನ್ನೂ ಇದೆ.

ಮೊದಲನೆಯದು ಮೊದಲನೆಯದೇ. 1977ರ ಮೇ 25ರಂದು ಅಮೆರಿಕದ ಮೂವತ್ತು ಚಿಲ್ಲರೆ ಥಿಯೇಟರುಗಳಲ್ಲಷ್ಟೇ ಶುರುವಾದ ಚಿತ್ರ. ಅಕಿರ ಕುರೊಸಾವ ಅವರ ‘ದಿ ಹಿಡನ್ ಫೋರ್ಟ್ರೆಸ್’ನಲ್ಲಿ ಜಗಳಾಡುತ್ತ ನಡೆಯುವ ಇಬ್ಬರು ಬಡ ರೈತರ ಕಣ್ಣಿನಿಂದ ಯುದ್ಧ ಕಾಣುತ್ತದೆ, ಲೂಕಸ್ ಆ ಇಬ್ಬರನ್ನೇ ಎರಡು ರೋಬೊಟ್ ಮಾಡಿ ಮರಳುಗಾಡಿಗೆ ಬಿಟ್ಟರು. ಅದಕ್ಕೆ ಮುಂಚಿನ ಸಿನಿಮಾಗಳ ಅಂತರಿಕ್ಷ ಹೆಚ್ಚಾಗಿ ಆಸ್ಪತ್ರೆಯಷ್ಟು ಚೊಕ್ಕಟ. ಇಲ್ಲಿ ಹಡಗಿಗೆ ಮಸಿ ಹತ್ತಿದೆ. ನಮ್ಮೂರ ಸಿಟಿಬಸ್ಸಿನ ಹಾಗೆ. ಮಾದರಿ ಮಾಡುವವರು ಆಟಿಕೆ ಟ್ಯಾಂಕು, ವಿಮಾನಗಳ ಕಿಟ್ಟುಗಳಿಂದ ಚೂರುಪಾರು ಕಿತ್ತು ಅಂಟಿಸಿ ಆ ಹಡಗುಗಳಿಗೆ ಮೈ ಕೊಟ್ಟರು. ಬೆನ್ ಬರ್ಟ್ ಎಂಬ ಶಬ್ದಗಾರ ಹಳೆಯ ಪ್ರೊಜೆಕ್ಟರಿನ ಮೋಟಾರಿನ ಗುಂಯ್ ಸದ್ದನ್ನೂ ಟಿವಿಯ ಜುಂಯ್ ಸದ್ದನ್ನೂ ಬೆರೆಸಿ ಬೆಳಕಿನ ಕತ್ತಿಗೆ ದನಿ ಮಾಡಿದರು. ಕಂಬದ ಬಿಗಿ ತಂತಿಗೆ ಸುತ್ತಿಗೆಯಲ್ಲಿ ಬಡಿದು ಬಂದೂಕಿನ ಸದ್ದು ತೆಗೆದರು. ವೇಡರನ ಉಸಿರು ಮುಳುಗುಗಾರರ ಉಸಿರಾಟದ ಸಾಧನದ್ದು. ಇಂಗ್ಲಿಷ್ ಬಾರದ ಹುಡುಗನೊಬ್ಬ ಶಿವಮೊಗ್ಗದಲ್ಲಿ ಆ ಸಿನಿಮಾವನ್ನು ಕಿವಿಯಿಂದಲೇ ಅರ್ಥ ಮಾಡಿಕೊಂಡದ್ದು ಇವರ ದಯೆ.

ಮತ್ತೆ ಆ ಖಾಲಿ ಜಾಗಗಳು! ಕ್ಲೋನ್ ಯುದ್ಧದಲ್ಲಿ ನಿನ್ನ ಅಪ್ಪನ ಜೊತೆ ಹೋರಾಡಿದೆ ಎನ್ನುತ್ತಾನೆ ಓಬಿ-ವಾನ್. ಯಾವ ಯುದ್ಧ? ಹೇಳುವುದಿಲ್ಲ. ಜಬ್ಬಾನ ಸಾಲ ತೀರಿಸಬೇಕು ಎನ್ನುತ್ತಾನೆ ಹಾನ್. ಜಬ್ಬಾ ಯಾರು? ನಾವು ನೋಡಿದ ಕ್ಯಾಸೆಟ್ಟಿನಲ್ಲಿ ಅವನು ಬರಲೇ ಇಲ್ಲ. 1997ರ ವಿಶೇಷ ಆವೃತ್ತಿಯಲ್ಲಿ ಅವನನ್ನೂ ತಂದು ನಿಲ್ಲಿಸಿದರು, ಕೇಳಬೇಡಿ. ಪ್ರತಿ ಪಾತ್ರವೂ ಎಲ್ಲಿಂದಲೋ ಬಂದು ಎಲ್ಲಿಗೋ ಹೊರಟಿದೆ. ದಾರಿಯಲ್ಲಿ ಈ ಸಿನಿಮಾ ಅಡ್ಡ ಸಿಕ್ಕಿದೆ, ಅಷ್ಟೇ.

ಲ್ಯೂಕ್ ಊಟ ಬಿಟ್ಟು ಎದ್ದು ಮನೆಯಿಂದಾಚೆ ಬರುತ್ತಾನೆ. ಮಾವ ಇನ್ನೊಂದು ವರ್ಷ ಹೊಲದ ಕೆಲಸಕ್ಕೆ ನಿಲ್ಲು ಎಂದಿದ್ದಾರೆ. ಎದುರಿಗೆ ಎರಡು ಸೂರ್ಯ ಮುಳುಗುತ್ತಿವೆ. ಫ್ರೆಂಚ್ ಹಾರ್ನ್ ಒಂದು ಮೆಲ್ಲಗೆ ಏಳುತ್ತದೆ. ಅವನು ಏನೂ ಹೇಳುವುದಿಲ್ಲ. ಅಡಿಕೆ ತೋಟದ ಅಂಚಿನಲ್ಲಿ, ಊರು ಬಿಟ್ಟು ಹೋಗುವ ಬಸ್ಸನ್ನು ಎಣಿಸುತ್ತ ನಿಂತಿದ್ದ ನನಗೂ ಏನೂ ಹೇಳುವುದಿರಲಿಲ್ಲ.

ಪಟ್ಟಿ ಬರೆದು ಮಗಳದರ ಪಕ್ಕದಲ್ಲೇ ಅಂಟಿಸಿದೆ. ಅವಳು ಓದಿ, ಪೆನ್ನು ತೆಗೆದುಕೊಂಡು ನನ್ನ ಹನ್ನೊಂದನೆಯದರ ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದಳು.

“ಅಪ್ಪಾ, ಮೊದಲನೇ ಸಿನಿಮಾ ಕೊನೆಗೆ ಲ್ಯೂಕ್‌ಗೆ, ಹಾನ್‌ಗೆ ಪದಕ ಹಾಕ್ತಾರಲ್ಲ. ಪಾಪ ಆ ಚ್ಯೂಬಾಕನಿಗೆ ಯಾಕೆ ಹಾಕಲ್ಲ?”

ಗೊತ್ತಿಲ್ಲ ಎಂದೆ. ಆ ರೋಮದ ದೈತ್ಯ ವೇದಿಕೆಯ ಮೇಲೆ ಬರಿಗೊರಳಿನಲ್ಲಿ ನಿಂತು ಒಮ್ಮೆ ಗರ್ಜಿಸುತ್ತಾನೆ, ಸಿನಿಮಾ ಮುಗಿಯುತ್ತದೆ. 1989ರಲ್ಲಿ ನಾನೂ ಅಣ್ಣನನ್ನು ಇದನ್ನೇ ಕೇಳಿದ್ದೆ. “ಕುತ್ತಿಗೆ ಎತ್ತರ ಜಾಸ್ತಿ ಕಣೋ, ಪದಕ ಹಾಕೋ ಹುಡುಗಿಗೆ ಎಟುಕಲ್ಲ” ಎಂದಿದ್ದ.

“ನಿಮ್ಮ ಹನ್ನೊಂದನೇ ಸಿನಿಮಾದಲ್ಲಿ ಅವನಿಗೂ ಪದಕ ಸಿಗತ್ತೆ. ನೆನಪಿದೆಯಾ?”

ನೆನಪಿತ್ತು. ನಲವತ್ತೆರಡು ವರ್ಷ ಬಿಟ್ಟು, ಗಡಿಬಿಡಿಯಲ್ಲಿ, ಯಾರೋ ಅವನ ಕೈಗಿಡುತ್ತಾರೆ. ಥಿಯೇಟರಿನಲ್ಲಿ ಅದನ್ನು ನೋಡಿ ನಾನು ಮೂಗು ಮುರಿದಿದ್ದೆ. ಪಕ್ಕದ ಸೀಟಿನಲ್ಲಿ ಇವಳು ಅತ್ತಿದ್ದಳು.

ಪಟ್ಟಿಯನ್ನು ಕಿತ್ತು ಹನ್ನೊಂದನೆಯದನ್ನು ಹತ್ತಕ್ಕೆ ಏರಿಸಿದೆ. ‘ಸೋಲೊ’ ಕೆಳಗಿಳಿಯಿತು.